ಉಪವಾಸದ ಸರ್ ಹೊಟ್ಟೆಯೊಳಗಿನ ಆಯಿ

ಮಹಾತ್ಮರ ಜೀವನದಲ್ಲಿ ತ್ಯಾಗಕ್ಕೆ ಇರುವ ಸ್ಥಾನ ಬಹು ದೊಡ್ಡದು. ಅನ್ನ ಬಿಟ್ಟವನನ್ನು ಲೋಕ ಎಂದೂ ಮರೆತಿಲ್ಲ. ಆದರೆ ಹಾಗೆ ಬಿಟ್ಟ ಅನ್ನದಲ್ಲಿ ವೈರಾಗ್ಯದಿಂದ ಬಿಟ್ಟದ್ದೆಷ್ಟು, ಹೊಟ್ಟೆ ಕೆಟ್ಟು ಬಿಟ್ಟದ್ದೆಷ್ಟು ಎಂದು ಯಾರೂ ವಿಚಾರಿಸಿದ ಹಾಗಿಲ್ಲ. ವಿಚಾರಿಸಿದ್ದರೆ ನಮ್ಮ ಕಡೆಯ ಅರ್ಧದಷ್ಟು ಮಹಾತ್ಮರು ದವಾಖಾನೆಯ ಸಾಲಿನಲ್ಲಿ ಸಿಗುತ್ತಿದ್ದರು.

ಹುಮನಾಬಾದಿನ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಸರ್ ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಕನ್ನಡ ಮೇಷ್ಟ್ರು ಎಂಬ ಕಾರಣಕ್ಕೆ ಮಾತಾಡುವ ಭಾರ ನನ್ನ ಮೇಲೆ ಬಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರೀರಿ. ಆದ್ರ ಹೆಸರ ಹಾಕಬ್ಯಾಡ್ರಿ. ಮತ್ತ ಯಾರರ ಕಾಲಿಗಿ ಬೀಳಾಕ ಬರ್ತಾರ” ಎಂದು ಅಪ್ಪಣೆಯಾಗಿದೆ.

ಕಾಲಿಗೆ ಬೀಳುತ್ತಿದ್ದದ್ದು ನಿಜ. ಸರ್ ಎತ್ತರದ, ಸಪೂರ ಮನುಷ್ಯ. ಅಂಗಿಯ ಕಾಲರಿನೊಳಗೆ ಅವರ ಕುತ್ತಿಗೆಯ ಜೊತೆ ಇನ್ನೊಂದು ಕುತ್ತಿಗೆಗೂ ಜಾಗವಿತ್ತು. ಯಾರಾದರೂ ತಿನ್ನಲು ಕೊಟ್ಟರೆ ಬಾಯಲ್ಲಿ ಬೇಡ ಎನ್ನುತ್ತಿರಲಿಲ್ಲ. ಬಲಗೈ ಎತ್ತಿ ಅಂಗೈ ತೋರಿಸಿ, ಕಣ್ಣು ಅರ್ಧ ಮುಚ್ಚುತ್ತಿದ್ದರು. ಬೇಡ ಎಂದು ಎತ್ತಿದ ಅಂಗೈಗೂ ಆಶೀರ್ವಾದ ಮಾಡುವ ಅಂಗೈಗೂ ನೋಡುವವರ ಕಣ್ಣಿಗೆ ವ್ಯತ್ಯಾಸವಿಲ್ಲ. ಕಣ್ಣು ಮುಚ್ಚುತ್ತಿದ್ದದ್ದು ಹೊಟ್ಟೆ ಹಿಂಡಿದ್ದಕ್ಕೆ ಎಂಬುದು ಯಾರಿಗೆ ಗೊತ್ತಾಗಬೇಕು?

ಎಲ್ಲವೂ ಒಂದು ಮಿರ್ಚಿ ಭಜಿಯಿಂದ ಶುರುವಾಯಿತು. ಸ್ಟಾಫ್ ರೂಮಿಗೆ ಬಿಸಿ ಭಜಿಯ ಪೊಟ್ಟಣ ಬಂತು. ಸರ್ ಅಂಗೈ ಎತ್ತಿದರು.

“ಯಾಕ್ರಿ ಸರ್? ಓಹೋ, ಇವತ್ತ ಸೋಮವಾರ! ಸೋಮವಾರ ಮಾಡ್ತೀರೇನ್ರಿ?” ಎಂದರು ಇತಿಹಾಸದವರು. ಸರ್ ಸುಮ್ಮನಿದ್ದರು. ಸುಮ್ಮನಿದ್ದವರನ್ನು ಒಪ್ಪಿದವರೆಂದು ತಿಳಿಯುವುದು ಇತಿಹಾಸದವರ ಹಳೆಯ ಅಭ್ಯಾಸ. ಗುರುವಾರ ಯಾರದೋ ಮಗನಿಗೆ ನೌಕರಿಯಾಗಿ ಜಾಮೂನು ಬಂತು. ಮತ್ತೆ ಅಂಗೈ. ಗುರುವಾರವೂ ಒಂದು ದೇವರ ಪಾಲಾಯಿತು. ಹೀಗೆ ಆ ವರ್ಷ ಮುಗಿಯುವುದರೊಳಗೆ ವಾರದ ಏಳೂ ದಿನಗಳು ಹಂಚಿಹೋಗಿ, ಕೆಲವು ದೇವರುಗಳು ದಿನವಿಲ್ಲದೆ ಉಳಿದರು. ಇದರಲ್ಲಿ ಸರ್ ತಾವಾಗಿ ಒಂದು ಸುಳ್ಳನ್ನೂ ಆಡಲಿಲ್ಲ. ಆಡುವವರು ಊರಲ್ಲಿ ಬೇಕಾದಷ್ಟಿದ್ದರು. ಪಕ್ಕದ ಕುರ್ಚಿಯವನಾದ್ದರಿಂದ ಅವರ ಪಾಲಿನ ಭಜಿ ನನಗೆ ಬರುತ್ತಿತ್ತು. ಅವರ ಉಪವಾಸದ ಫಲ ನನ್ನ ಸೊಂಟದ ಸುತ್ತ ಇನ್ನೂ ಇದೆ.

ಇದರಲ್ಲಿ ಮೋಜೇನೆಂದರೆ ಸರ್ ಯಾವ ದೇವರನ್ನೂ ನಂಬಿದವರಲ್ಲ. ಆತ್ಮ ಎಲ್ಲಿರುತ್ತದೆ ಎಂದು ಒಮ್ಮೆ ಒಬ್ಬ ವಿದ್ಯಾರ್ಥಿ ಕೇಳಿದ್ದಕ್ಕೆ, “ಇಷ್ಟು ವರ್ಷ ಕಪ್ಪಿ ಕೊಯ್ದೀನಪಾ, ನನಗ ಸಿಕ್ಕಿಲ್ಲ. ನಿನಗ ಸಿಕ್ರ ಚಿತ್ರ ಬರದು ಭಾಗ ಗುರುತಿಸು, ಪೂರಾ ಮಾರ್ಕ್ಸ್ ಕೊಡ್ತೀನಿ” ಎಂದಿದ್ದರು. ಊರು ಇದನ್ನೂ ವೇದಾಂತದ ಲೆಕ್ಕಕ್ಕೆ ಹಾಕಿಕೊಂಡಿತು.

ಸರ್ ಮತ್ತು ನಾನು ಇಬ್ಬರೂ ಬಸವಕಲ್ಯಾಣದವರು. ದಿನಾ ಒಂದೇ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿಬರುತ್ತಿದ್ದೆವು. ಅವರು ಸದಾ ಬಾಗಿಲ ಪಕ್ಕದ ಸೀಟಿನಲ್ಲಿ ಕೂರುವವರು. ಬರುವಾಗ ಹೆದ್ದಾರಿಯ ಬಂಗ್ಲಾ ಕ್ರಾಸ್ ದಾಟಿ ಬಸ್ಸು ಊರಿನ ರಸ್ತೆಗೆ ತಿರುಗಿದರೆ ಒಂದು ಹನುಮಂತನ ಗುಡಿ ಸಿಗುತ್ತದೆ. ವಾರದಲ್ಲಿ ಎರಡು ಮೂರು ಸಲವಾದರೂ ಅಲ್ಲಿ ಸರ್ ಎದ್ದು ನಿಂತು ಕಂಡಕ್ಟರನ ಮುಖ ನೋಡುತ್ತಿದ್ದರು. ಕಂಡಕ್ಟರ್ ಸೀಟಿ ಊದುತ್ತಿದ್ದ. ಸರ್ ಲಗುಬಗೆಯಿಂದ ಇಳಿದು ಗುಡಿಯ ಹಿಂದಕ್ಕೆ ಹೋಗುತ್ತಿದ್ದರು.

“ಡ್ರೈವರಣ್ಣ, ಜರಾ ತಡೀರಿ. ಸರ್ರು ದರ್ಶನಕ್ಕ ಇಳದಾರ.”

“ಮುಂದಿನ ಬಾಗಿಲ ಬಿಟ್ಟು ಹಿಂದ ಯಾಕ ಹೋಗ್ತಾರೋ?” ಎಂದು ಒಬ್ಬ ಹೊಸ ಪ್ರಯಾಣಿಕ ಕೇಳಿದ್ದ.

“ಪ್ರದಕ್ಷಿಣಿ ಹಾಕ್ತಾರ. ನಿಮಗೇನ್ ಗೊತ್ತು, ಸುಮ್ನ ಕೂಡ್ರಿ!”

ಬಸ್ಸಿಗೆ ಬಸ್ಸೇ ಭಕ್ತಿಯಿಂದ ಕಾಯುತ್ತಿತ್ತು. ಹಿಂದಿರುಗಿದ ಸರ್ ಮುಖದಲ್ಲಿ ನಿಜವಾಗಿಯೂ ದೇವರನ್ನು ಕಂಡವರ ಶಾಂತಿ ಇರುತ್ತಿತ್ತು. ಅದೂ ಅಲ್ಲದೆ, ಮೂರು ನಾಲ್ಕು ತಿಂಗಳಿಗೊಮ್ಮೆ ಅವರು ಸೋಲಾಪುರಕ್ಕೆ ಹೋಗುವುದಿತ್ತು. ಸೋಲಾಪುರದವರೆಗೆ ಹೋದವರು ಪಂಢರಪುರಕ್ಕೆ ಹೋಗದೆ ಬರುತ್ತಾರೆಯೇ? ಹೀಗೆ ಅವರು ವಿಠ್ಠಲನ ಯಾತ್ರೆಗೆ ತಪ್ಪದ ವಾರಕರಿಯೂ ಆದರು.

ಬಸವಕಲ್ಯಾಣದಲ್ಲಿ ಅವರ ಮನೆ ಇದ್ದದ್ದು ಕೋಟೆಯ ಹಿಂದಿನ ಒಂದು ಗಲ್ಲಿಯಲ್ಲಿ. ಗಲ್ಲಿಯ ಬಾಯಲ್ಲೊಂದು ಕಟ್ಟೆ, ಕಟ್ಟೆಯ ಮೇಲೊಬ್ಬ ಆಯಿ. ಆ ಗಲ್ಲಿಗೆಲ್ಲ ಅಜ್ಜಿಯಾದ ಮುದುಕಿ. ಕಣ್ಣಲ್ಲಿ ಪೊರೆ ಬಂದು ಆಕೆಗೆ ಮುಖ ಕಾಣುತ್ತಿರಲಿಲ್ಲ, ಬರೀ ಆಕಾರ ಕಾಣುತ್ತಿತ್ತು: ಇದು ರುಮಾಲು, ಇದು ಟೊಪ್ಪಿಗೆ, ಇದು ಪ್ಯಾಂಟು. ಹೆಸರು ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಯಾರ ಪೈಕಿ?” ಉತ್ತರ ಸರಿ ಕಂಡರೆ ದಾರಿ, ಇಲ್ಲವಾದರೆ ಬಡಿಗೆ. ಆ ಬಡಿಗೆ ಅವಳ ಬಲಗೈಗೆ ಆರನೇ ಬೆರಳಿನಂತೆ ಅಂಟಿಕೊಂಡಿತ್ತು.

ನಾನು ಮೊದಲ ಸಲ ಹೋದಾಗ ನನ್ನನ್ನೂ ತಡೆದಳು.

“ಯಾರ ಪೈಕಿಯೋ ನೀ?”

“ಕಾಲೇಜ್ ಸರ್ ಪೈಕಿ, ಆಯಿ.”

“ಉಪಾಸದ ಸರ್ರೇನ? ಊಟದ ಟೈಮಿಗಿ ಬಂದಿ ನೋಡು! ಹೋಗ ಹೋಗ, ಅಲ್ಲೇನೂ ಸಿಗಂಗಿಲ್ಲ.”

ಸರ್ ಕೀರ್ತಿಗೆ ಶಿಖರ ಇಟ್ಟವರು ಹುಮನಾಬಾದಿನ ಬಟ್ಟೆ ಅಂಗಡಿಯ ಸೇಟ್‌ಜಿ. ಅವರು ಭಜನಾ ಮಂಡಳಿಗೆ ದೊಡ್ಡವರು, ಕಾಲೇಜಿಗೂ ಬೇಕಾದವರು. ಒಂದು ದಿನ ಸರ್ ಮುಂದೆ ಬಂದು ಕೈಮುಗಿದು ನಿಂತರು. “ಎದಿ ಉರೀತದ್ರಿ ಸರ್. ಏನರ ಒಂದ್ ವ್ರತ ಹೇಳ್ರಿ.”

ಸರ್ ತಮಗೆ ತಿಳಿದದ್ದನ್ನೇ ಹೇಳಿದರು. “ಖಾರ ಬಿಡ್ರಿ. ಎಣ್ಣಿ ಬಿಡ್ರಿ. ರಾತ್ರಿ ಲಗೂನ ಉಣ್ರಿ.”

“ಎಷ್ಟ್ ವಾರ ಮಾಡಬೇಕ್ರಿ?”

“ವಾರ ಯಾಕ್ರಿ? ಸಾಯೋತನಕ.”

“ಅಖಂಡ ವ್ರತ!” ಎಂದು ಸೇಟ್‌ಜಿ ಗದ್ಗದಿತರಾದರು. ಖಾರ ಬಿಟ್ಟರೆ ಉರಿ ಕಡಿಮೆಯಾಗುವುದು ಪವಾಡವಲ್ಲ. ಆದರೆ ಭಜನಾ ಮಂಡಳಿಯಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ. ಮಂಡಳಿಯ ಹೆಂಗಸರೆಲ್ಲ ಖಾರ ಬಿಡುವ ವ್ರತ ಹಿಡಿದರು. ಅವರ ಗಂಡಂದಿರು ತಾವು ಹಿಡಿಯದ ವ್ರತವನ್ನು ಎರಡೂ ಹೊತ್ತು ಉಂಡರು. ಸೇಟ್‌ಜಿ ಮನೆಯಲ್ಲಿ ಸರ್‌ಗೆ ಶಾಲು ಹೊದಿಸಿ ದೊಡ್ಡ ಊಟ ಹಾಕಿಸಿದರು. ಹೋಳಿಗೆ, ಭಜಿ, ತುಪ್ಪ. ಸರ್ ಅಂಗೈ ಎತ್ತಿದರು. ಕಡೆಗೆ ಸೇಟ್‌ಜಿಯ ತಾಯಿ ಕೈ ಹಿಡಿದು ಕೂರಿಸಿದ್ದಕ್ಕೆ ಎರಡು ಚಮಚ ಮೊಸರನ್ನ ಬಾಯಿಗಿಟ್ಟರು. “ಸರ್ರು ನಮ್ಮನ್ಯಾಗ ಉಪಾಸ ಬಿಟ್ರು!” ಎಂದು ಸೇಟ್‌ಜಿ ಪಂಕ್ತಿಗೆಲ್ಲ ಕೇಳುವಂತೆ ಸಾರಿದರು.

ಪಂಕ್ತಿಯ ತುದಿಯಲ್ಲಿ ನಮ್ಮ ಕಾಲೇಜಿನ ಅಟೆಂಡರ್ ತುಳಸಿರಾಮ ಇದ್ದ. ಕುರ್ಚಿ ಜೋಡಿಸಲು ಕರೆಸಿದ್ದರು. ಅವನೂ ಕೇಳಿದ, ನೋಡಿದ.

ತುಳಸಿರಾಮ ಮುಡಬಿಯವನು. ಮನೆಯ ಬಾಗಿಲ ಮೇಲೆ ಪಂಚಶೀಲದ ಬಾವುಟ, ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಊರಾಚೆ ಸ್ವಲ್ಪ ಹೊಲ. ಅವನ ಮಗಳು ಸುಜಾತಾ ನಮ್ಮಲ್ಲೇ ಬಿ.ಎಸ್ಸಿ. ಕಡೆಯ ವರ್ಷದಲ್ಲಿದ್ದಳು. ಸರ್ ತಮ್ಮ ಅಷ್ಟೂ ವರ್ಷಗಳ ಮೇಷ್ಟ್ರಗಿರಿಯಲ್ಲಿ ಒಬ್ಬರನ್ನು ಹೊಗಳಿದ್ದರೆ ಅದು ಈ ಹುಡುಗಿಯನ್ನು. ಹೊಗಳಿಕೆ ಎಂದರೆ, “ಈಕಿ ಪ್ರಶ್ನಿ ಕೇಳಿದ್ರ ನನಗ ಸಿಟ್ಟು ಬರ್ತದ. ಉತ್ತರ ಗೊತ್ತಿರಂಗಿಲ್ಲ, ಅದಕ್ಕ.” ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಅವಳನ್ನು ಕೂರಿಸುವುದೆಂದು ಅವರು ಪಣ ತೊಟ್ಟಿದ್ದರು. ಕಾಲೇಜು ಬಿಟ್ಟ ಮೇಲೆ ದಿನಾ ಪಾಠ ನಡೆಯುತ್ತಿತ್ತು. ನಾನು ಕಾಯಬೇಕಾಗಿ ಬಂದು ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಆ ವರ್ಷ ಎಳ್ಳಮಾಸಿಗೆ ತುಳಸಿರಾಮ ಸ್ಟಾಫಿನವರನ್ನೆಲ್ಲ ತನ್ನ ಹೊಲಕ್ಕೆ ಕರೆದ. ನಮ್ಮ ಕಡೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತೆಂದರೆ ಆ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಊರಿಗೆ ಊರೇ ಹೊಲಕ್ಕೆ ಹೋಗಿ, ಭೂಮಿಗೆ ಮೊದಲು ಚರಗವೆಂದು ಅಡುಗೆಯ ಪಾಲು ಚೆಲ್ಲಿ, ಜೋಳದ ಬೆಳೆಯ ನಡುವೆ ಕೂತು ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುತ್ತದೆ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ಭಜಿಯಲ್ಲ. ಹೊಲದಲ್ಲಿ ಹಸಿರಾಗಿ ಕಂಡದ್ದನ್ನೆಲ್ಲ, ಕಾಳು, ಸೊಪ್ಪು, ಗೆಣಸು, ಹುಣಸೆ ಸಮೇತ, ಒಂದೇ ಗಡಿಗೆಯಲ್ಲಿ ಕೂಡಿಸಿ ಕುದಿಸಿದ ಪದಾರ್ಥ. ಗಟ್ಟಿ ಹೊಟ್ಟೆಯವನಿಗೆ ಅದು ಅಮೃತ. ಸರ್ ಹೊಟ್ಟೆಗೆ ಅದೇನೆಂದು ನನಗೆ ಆಗ ಗೊತ್ತಿರಲಿಲ್ಲ.

ಬೇವಿನ ಮರದಡಿ ಸಾಲಾಗಿ ಕೂತೆವು. ತುಳಸಿರಾಮನ ಹೆಂಡತಿ ಮತ್ತು ಸುಜಾತಾ ಬಡಿಸುತ್ತ ಬಂದರು. ಸರ್ ಎದುರು ಬಂದಾಗ ಅಂಗೈ ಮೇಲೆದ್ದಿತು.

“ಸರ್, ಜರಾ ಹಚ್ಚಿಗೊಳ್ರಿ. ನಾನೇ ಮಾಡೀನಿ” ಎಂದಳು ಸುಜಾತಾ.

ಆ ದಿನ ಅವರ ಹೊಟ್ಟೆ ಬೆಳಗಿನಿಂದ ಕೆಟ್ಟಿತ್ತಂತೆ. ಹಣೆಯ ಮೇಲೆ ಬೆವರಿತ್ತು. ಬಿಸಿಲಿಗಿರಬೇಕೆಂದು ನಾನು ಭಾವಿಸಿದೆ. ಅಲ್ಲಿಯವರೆಗೆ ಇತರರು ತಮ್ಮ ಪರವಾಗಿ ಆಡುತ್ತಿದ್ದ ಮಾತನ್ನು ಸರ್ ಅಂದು ಮೊದಲ ಸಲ ತಾವೇ ಆಡಿದರು. “ಇವತ್ತ... ಉಪಾಸ ಅದವ್ವ.”

ಎಳ್ಳಮಾಸಿಯ ದಿನ ಹೊಲದಲ್ಲಿ ಕೂತು ಉಪವಾಸ ಎಂದವನನ್ನು ಬೀದರ ಜಿಲ್ಲೆ ಅದಕ್ಕೆ ಮೊದಲು ಕಂಡಿರಲಿಲ್ಲ. ತುಳಸಿರಾಮ ಅಂಬಲಿಯ ತಂಬಿಗೆ ಕೆಳಗಿಟ್ಟ. ದನಿ ಏರಿಸಲಿಲ್ಲ.

“ಸೇಟ್‌ರ ಮನ್ಯಾಗ ಉಪಾಸ ಬಿಟ್ರಿ ಅಲ್ರಿ ಸರ್? ನಾ ಅಲ್ಲೇ ಇದ್ದೆ. ಇರ್ಲಿ ಬಿಡ್ರಿ. ಕಲ್ಯಾಣದಿಂದ ಬಂದವ್ರು ನೀವು. ಯಾರ ಮನ್ಯಾಗ ಉಣಬೇಕು, ಯಾರ ಮನ್ಯಾಗ ಉಣಬಾರ್ದು, ನಿಮಗ ನಾವೇನ್ ಹೇಳೋದ್ರಿ?”

ಸುಜಾತಾ ಸೌಟು ಗಡಿಗೆಯಲ್ಲಿಟ್ಟು ಜೋಳದ ಬೆಳೆಯೊಳಗೆ ನಡೆದುಹೋದಳು.

ಬರುವಾಗ ಬಸ್ಸಿನಲ್ಲಿ ಸರ್ ಎಂದಿನಂತೆ ಬಾಗಿಲ ಪಕ್ಕ ಕೂತರು. ಹನುಮಂತನ ಗುಡಿ ಬಂತು, ಇಳಿದರು, ಬಂದರು. ಕೂತ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು. “ಗುಡಿ ಹಿಂದ ಪೂಜಾರಿ ಮನಿ ಅದ. ಅವರ ಮನ್ಯಾಗ ಸ್ವಚ್ಛ ಸಂಡಾಸ ಅದ. ನನ್ನ ದರ್ಶನ ಅಷ್ಟೇರಿ.”

ನನಗೆ ಅರ್ಥವಾಗಲು ಗುಡಿಯಿಂದ ಊರಿನ ತನಕ ಹಿಡಿಯಿತು. ಅವರಿಗೆ ಕರುಳಿನ ರೋಗ. ಕರುಳಿನ ಒಳಗೋಡೆ ಹುಣ್ಣಾಗುತ್ತದೆ, ರಕ್ತ ಹೋಗುತ್ತದೆ, ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಏಳುತ್ತದೆ. ಸೋಲಾಪುರದ ದವಾಖಾನೆಯಲ್ಲಿ ಔಷಧ ನಡೆದಿದೆ. ಮನೆಯವರಿಗೂ ಪೂಜಾರಿಗೂ ಬಿಟ್ಟು ಯಾರಿಗೂ ಗೊತ್ತಿಲ್ಲ.

“ಹೇಳಿದ್ರೇನಾಗ್ತಿತ್ರಿ?” ಎಂದೆ.

“ಗಡಬಡಿ ಸರ್ ನೆನಪಿದಾರೇನ್ರಿ ನಿಮಗ?”

ನೆನಪಿತ್ತು. ನಮ್ಮಲ್ಲಿ ಹಿಂದೆ ಒಬ್ಬ ಗಣಿತದ ಮೇಷ್ಟ್ರಿದ್ದರು. ಒಮ್ಮೆ ಹೊಟ್ಟೆ ಕೆಟ್ಟು ಪಾಠ ಅರ್ಧಕ್ಕೆ ಬಿಟ್ಟು ಓಡಿದ್ದಕ್ಕೆ ಬಂದ ಆ ಹೆಸರು ಅವರ ನಿವೃತ್ತಿಯ ದಿನ ಹಾರದ ಜೊತೆಗೂ ಬಂದಿತ್ತು. ಅವರ ನಿಜವಾದ ಹೆಸರು ನನಗೆ ಈಗಲೂ ನೆನಪಾಗುತ್ತಿಲ್ಲ. ಹೀಗಾಗಿ ಸರ್‌ಗೆ ಎರಡೇ ದಾರಿ ಉಳಿದಿದ್ದವು: ಗಡಬಡಿ ಸರ್ ಆಗುವುದು, ಇಲ್ಲವೇ ಮಹಾತ್ಮರಾಗುವುದು. ಮನುಷ್ಯಮಾತ್ರದವರು ಯಾವುದನ್ನು ಆರಿಸುತ್ತಾರೆಂದು ಬೇರೆ ಹೇಳಬೇಕಿಲ್ಲ.

ಸುಜಾತಾ ಸರ್ ಪಾಠಕ್ಕೆ ಬರುವುದನ್ನು ನಿಲ್ಲಿಸಿದಳು. ಸಂಜೆಯ ಪಾಠವೂ ನಿಂತಿತು. ಎಂ.ಎಸ್ಸಿ. ಬೇಡ, ಬಿ.ಎಡ್. ಮಾಡುತ್ತೇನೆ ಎಂದಳೆಂದು ಸುದ್ದಿ ಬಂತು. ಸರ್ ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಹುಡುಕಿ ಮಾತಾಡಿಸಿದರು. ನಾನು ಪಕ್ಕದಲ್ಲೇ ಇದ್ದೆ.

“ಸುಜಾತಾ, ಪರೀಕ್ಷಾಕ್ಕ ಟೈಮ್ ಇಲ್ಲವ್ವ. ನಾಳಿಂದ ಬಾ.”

ಅವಳು ಬ್ಯಾಗು ಹೆಗಲಿಗೇರಿಸಿದಳು. “ನಾಳಿ ನಿಮಗ ಯಾವ ಉಪಾಸರಿ ಸರ್?” ಎಂದಳು. ಮುಡಬಿಯ ಬಸ್ಸು ಬಂತು, ಹತ್ತಿ ಹೋದಳು.

ಹೊಟ್ಟೆಯ ಪೆಟ್ಟನ್ನು ದಿನಾ ತಡೆದುಕೊಳ್ಳುವ ಸರ್ ಅಂದು ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕೂತರು. ಆಮೇಲೆ ತಮಗೇ ಎಂಬಂತೆ ಹೇಳಿಕೊಂಡರು. “ನನ್ನ ಮಹಾತ್ಮಗಿರಿ ಈ ಹುಡುಗಿ ಎಂ.ಎಸ್ಸಿ. ತಿಂದುಬಿಡ್ತದ ನೋಡ್ರಿ.”

ಮರುವಾರ ಪಠ್ಯದಲ್ಲಿ ರೋಗನಿರೋಧಕ ಶಕ್ತಿಯ ಅಧ್ಯಾಯ ಬಂತು. ಸರ್ ಸ್ಟಾಫ್ ರೂಮಿಗೆ ಬಂದು, “ಇವತ್ತ ನನ್ನ ಕ್ಲಾಸಿಗಿ ಎಲ್ರೂ ಬರ್ರಿ” ಎಂದರು. ಪ್ರವಚನವೆಂದು ತಿಳಿದು ಎಲ್ಲರೂ ಎದ್ದರು. ಯಾವುದೋ ಕೆಲಸಕ್ಕೆ ಕಾಲೇಜಿಗೆ ಬಂದಿದ್ದ ಸೇಟ್‌ಜಿಯೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಡಸ್ಟರ್ ತಂದಿಟ್ಟು ಹೊರಟಿದ್ದ ತುಳಸಿರಾಮನನ್ನು ಸರ್ ತಡೆದರು. “ನೀವು ಹೋಗಬ್ಯಾಡ್ರಿ. ಮುಂದಿನ ಬೆಂಚಿನ ಮ್ಯಾಲ ಕೂಡ್ರಿ. ಈ ಪಾಠ ನಿಮಗೇ ಅದ.” ತುಳಸಿರಾಮ ಕೂರಲಿಲ್ಲ. ಬಾಗಿಲಿಗೆ ಒರಗಿ ನಿಂತ. ಸುಜಾತಾ ಇರಲಿಲ್ಲ.

“ನಮ್ಮ ಕರುಳು ಅಂದ್ರ ಒಂದು ಗಲ್ಲಿ” ಎಂದು ಸರ್ ಶುರುಮಾಡಿದರು. “ಗಲ್ಲಿ ತುಂಬ ಮಂದಿ. ಬ್ಯಾಕ್ಟೀರಿಯಾ. ಅವ್ರು ಕಳ್ಳರಲ್ಲ, ಬಾಡಿಗಿದಾರರು. ನಮಗ ಅರಗದ್ದು ಅರಗಿಸಿ ಕೊಡ್ತಾರ. ಗಲ್ಲಿಗೂ ನಮ್ಮ ಮನಿಗೂ ನಡುವ ಒಂದೇ ಗ್ವಾಡಿ. ಎಷ್ಟು ದಪ್ಪ? ಒಂದು ಜೀವಕೋಶದಷ್ಟು. ಈರುಳ್ಳಿ ಪದರ ಅದರ ಮುಂದ ಕಲ್ಯಾಣದ ಕೋಟಿ ಗ್ವಾಡಿ ಇದ್ದಂಗ. ಅಂಥಾ ಗ್ವಾಡಿ ಉಳಿಯೋದು ಹ್ಯಾಂಗ?”

ಪುಸ್ತಕದಲ್ಲಿ ಇದಕ್ಕೆ ಉತ್ತರ ರಿಸೆಪ್ಟರ್. ಜನ್ಮದಿಂದಲೇ ಬಂದ ಕಾವಲಿನ ಅಣುಗಳು. ಸರ್ ಆ ಪದವನ್ನು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಇನ್ನೊಂದು ಪದ ಬರೆದರು: ಆಯಿ.

“ಗ್ವಾಡಿ ಮ್ಯಾಲ ಅಲ್ಲಲ್ಲಿ ಆಯಿ ಕೂತಿರ್ತಾಳ. ಆಕಿಗಿ ಮುಖ ಕಾಣಂಗಿಲ್ಲ. ಹೆಸರ ಕೇಳಂಗಿಲ್ಲ. ಯಾರ ಪೈಕಿ, ಇಷ್ಟೇ. ಬಾಲ ಅದನೋ ಇಲ್ಲೋ, ಮೈಮ್ಯಾಲಿನ ಕವಚ ಎಂಥಾದ್ದು, ಆಕಾರ ನೋಡಿ ಗುರ್ತ ಹಿಡೀತಾಳ. ಈಗ ಹೇಳ್ರಿ, ಗಲ್ಲ್ಯಾಗ ಓಡಾಡೋರನ್ನ ಆಯಿ ಬಡೀತಾಳೇನು?”

“ಹೌದ್ರಿ ಸರ್” ಎಂದ ಹಿಂದಿನ ಬೆಂಚಿನ ಒಬ್ಬ.

“ನೀ ಬಡಿಸಿಕೊಂಡೀ ಕಾಣ್ತದ! ಇಲ್ಲಪಾ. ಗಲ್ಲ್ಯಾಗ ಮಂದಿ ಓಡಾಡೋ ಸಪ್ಪಳ ಕೇಳಿದ್ರೇ ಆಕಿಗಿ ಎಚ್ಚರ ಇರ್ತದ. ಸಪ್ಪಳ ಕೇಳಿ ಒಳಗ ಸೊಸ್ತೇರನ್ನ ಕೂಗ್ತಾಳ: ಏಳ್ರೇ, ಗ್ವಾಡಿಗಿ ಸಾರಸ್ರಿ, ಸಂದಿ ಮುಚ್ರಿ, ಬಾಗಲದಾಗ ಉಪ್ಪ ಚೆಲ್ರಿ! ಲೋಳಿ ಬರೋದು, ಕೋಶಗಳ ನಡುವಿನ ಸಂದಿ ಬಿಗಿಯಾಗೋದು, ಕ್ರಿಮಿ ಕೊಲ್ಲೋ ರಸ ಬರೋದು, ಎಲ್ಲಾ ಆಕಿ ಕೂಗಿಗೇ. ಮಂದಿನ್ನೆಲ್ಲ ಓಡಿಸಿಬಿಟ್ರ? ಜ್ವರ ಬಂದ ಕೂಡ್ಲೆ ಮೆಡಿಕಲ್ ಅಂಗಡಿಗಿ ಹೋಗಿ ಕಂಡಕಂಡ ಆ್ಯಂಟಿಬಯಾಟಿಕ್ ಗುಳಿಗಿ ನುಂಗೋರು ಕೇಳ್ರಿ. ಗಲ್ಲಿ ಖಾಲಿ. ಆಯಿಗಿ ತೂಕಡಿಕಿ. ಸೊಸ್ತೇರು ಟಿ.ವಿ. ಮುಂದ. ಗ್ವಾಡಿ ಬಿರಕ ಬಿಡ್ತದ.”

ಇತಿಹಾಸದವರು ಅಂಗಿಯ ಕಿಸೆಯಲ್ಲಿದ್ದ ಗುಳಿಗೆಯ ಚೀಟಿಯನ್ನು ಮೆಲ್ಲನೆ ಒಳಗೆ ತಳ್ಳಿದರು.

“ಇನ್ನೊಬ್ಬಾಕಿ ಆಯಿ ಇರ್ತಾಳ, ಕಟ್ಟಿ ಮ್ಯಾಲ ಅಲ್ಲ, ಗ್ವಾಡಿ ಒಳಮಗ್ಗಲ, ಅಡಗಿಮನಿ ಬಾಜು. ಬಾಲದವ್ರು ಗಲ್ಲ್ಯಾಗ ಎಷ್ಟೇ ಕುಣೀಲಿ, ಆಕಿ ಕೇಳಂಗಿಲ್ಲ. ಆದ್ರ ಗ್ವಾಡಿ ದಾಟಿ ಅಡಗಿಮನ್ಯಾಗ ಒಂದು ಬಾಲ ಕಂಡಿತೋ, ಊರೇ ಎದ್ದೇಳಂಗ ಚೀರ್ತಾಳ. ಯಾರು ಅದಾರ ಅನ್ನೋದಕ್ಕಿಂತ ಎಲ್ಲಿ ಅದಾರ ಅನ್ನೋದು ದೊಡ್ಡದು. ತಿಳೀತೇನ್ರಿ?”

ತಿಳಿಯಿತು ಎಂದು ಸೇಟ್‌ಜಿ ಕೈಮುಗಿದರು. ಇದರಲ್ಲೇನೋ ಅಧ್ಯಾತ್ಮವಿದೆ ಎಂದು ಅವರಿಗೆ ಅನ್ನಿಸಿರಬೇಕು.

ಸರ್ ಸೀಮೆಸುಣ್ಣ ಕೆಳಗಿಟ್ಟರು. “ಈಗ ನನ್ನ ಹೊಟ್ಟಿ ಕೇಳ್ರಿ. ನನ್ನ ಆಯಿಗಿ ಹುಚ್ಚ ಹಿಡದದ. ಹಾಲಿನವ ಬಂದ್ರೂ ಬಡಗಿ, ಮೊಮ್ಮಗ ಬಂದ್ರೂ ಬಡಗಿ. ಏಟು ಬೀಳೋದು ಯಾರಿಗಿ? ಗ್ವಾಡಿಗೇ. ಗ್ವಾಡಿ ಹುಣ್ಣಾಗ್ತದ, ರಕ್ತ ಹೋಗ್ತದ. ಭಜಿ, ಭಜ್ಜಿ, ಹೋಳಿಗಿ, ಯಾವುದೂ ಆಗಂಗಿಲ್ಲ. ನನಗ ಸೋಮವಾರ ಇಲ್ಲ, ಗುರುವಾರ ಇಲ್ಲ, ಒಂದ್ ದಿನದ ಉಪಾಸನೂ ಇಲ್ಲ. ನನಗ ರೋಗ ಅದ.”

ಮೊದಲು ಬಾಯಿಬಿಟ್ಟವರು ಸೇಟ್‌ಜಿ. “ಮತ್ತ ಪಂಢರಪುರರಿ?”

“ಸೋಲಾಪುರದಾಗೇ ಇಳಿತೀನ್ರಿ. ದವಾಖಾನಿ ಅಲ್ಲೇ ಅದ.”

ಹುಡುಗರು ನಕ್ಕರು. ತುಳಸಿರಾಮ ನಗಲಿಲ್ಲ. ಬಾಗಿಲಿಂದಲೇ ಕೇಳಿದ. “ಅಂಥಾ ಹುಚ್ಚಿನ್ನ ಕಟ್ಟಿ ಮ್ಯಾಲಿಂದ ಎಬ್ಬಿಸಿ ಕಳಸ್ರಲ್ರಿ.”

“ಕಳಿಸಿದ್ರ ಗ್ವಾಡಿ ಬೀಳ್ತದ. ಸಾರಸ್ರಿ ಅಂತ ಕೂಗೋರು ಯಾರ್ರಿ ಮತ್ತ? ಸಮಾಧಾನ ಮಾಡ್ಕೋತ ಇರಬೇಕು, ಅಷ್ಟೇ.”

“ಸೇಟ್‌ರ ಮನ್ಯಾಗ ಮೊಸರನ್ನ?”

“ಅವತ್ತ ಆಕಿ ಶಾಂತ ಇದ್ಲು. ನಿಮ್ಮ ಹೊಲದಾಗ ಬಡಗಿ ಹಿಡದು ನಿಂತಿದ್ಲು. ಮನಿ ನೋಡಿ ಬ್ಯಾಡ ಅಂದಿದ್ದಲ್ರಿ, ಖರೇನ ಅಲ್ಲ.”

ತುಳಸಿರಾಮ ಬೋರ್ಡಿನ ಮೇಲಿನ ‘ಆಯಿ’ಯ ಕಡೆ ಬೆರಳು ತೋರಿಸಿದ. “ಸರ್ರ, ಯಾರ ಪೈಕಿ ಅನ್ನೋದು ನಿಮಗ ಪಾಠ. ನಮಗ ಹುಟ್ಟಿದಾಗಿಂದ ಅದನ್ನೇ ಕೇಳಾಕತ್ತಾರ. ನಮ್ಮ ಹೊಲದಾಗ ಕೂತು ಉಪಾಸ ಅಂದ್ರ ನಮಗ ಅದು ಹ್ಯಾಂಗ ಕೇಳಸ್ತದ ಅಂತ ನಿಮಗ ಗೊತ್ತಾಗ್ಲಿಲ್ಲೇನ್ರಿ?”

“ಗೊತ್ತಾಗಬೇಕಿತ್ತು. ನನ್ನ ಇಜ್ಜತ್ ನೋಡ್ಕೊಂಡೆ, ನಿಮ್ಮ ಇಜ್ಜತ್ ನೋಡ್ಲಿಲ್ಲ. ತಪ್ಪಾತ್ರಿ ತುಳಸಿರಾಮ.” ಸರ್ ಬಲಗೈ ಎತ್ತಲಿಲ್ಲ. ಎರಡೂ ಕೈ ಮುಗಿದರು.

“ರೋಗ ಇದ್ರ ಅದ ಅನ್ಬೇಕಪಾ ಮೊದ್ಲೇ” ಎಂದ ತುಳಸಿರಾಮ. ಸಿಟ್ಟಿನಲ್ಲಿ ಅವನು ಸರ್‌ಗೆ ‘ಅಪಾ’ ಎಂದದ್ದು ಅದೇ ಮೊದಲು. “ನನ್ನ ಹೆಂಡತಿಗಿ ಅಸಿಡಿಟಿ ಅದ, ಊರಿಗೆಲ್ಲ ಹೇಳ್ಯಾಳ. ಯಾರೂ ಕೈ ಮುಗದಿಲ್ಲ, ಯಾರೂ ನಕ್ಕಿಲ್ಲ.” ಆಮೇಲೆ ಗಂಟೆ ಹೊಡೆಯಲು ಹೋದ. ಗಂಟೆ ಆ ದಿನ ಹೊತ್ತಿಗಿಂತ ಮೊದಲೇ ಆಯಿತು.

ಸರ್ ಮಹಾತ್ಮಗಿರಿ ಅಲ್ಲಿಗೆ ಮುಗಿಯಿತೆಂದು ನೀವು ತಿಳಿದರೆ ನಿಮಗೆ ಹುಮನಾಬಾದು ಗೊತ್ತಿಲ್ಲ. ಸೇಟ್‌ಜಿ ಸಿಟ್ಟಾಗಿ ಅಂದೇ ಸಂಜೆ ಮಿರ್ಚಿ ತಿಂದರು. ಎದೆ ಉರಿಯತೊಡಗಿದ ಮೇಲೆ, ಸರ್ ಹೆಸರು ಹೇಳದೆ, ಮತ್ತೆ ಅಖಂಡ ವ್ರತ ಹಿಡಿದರು. ಭಜನಾ ಮಂಡಳಿಯ ಹೆಂಗಸರು ಬೇರೆ ನಿರ್ಣಯಕ್ಕೆ ಬಂದರು. “ರೋಗ ಅಂತ ಹೇಳಿ ತಪಸ್ಸು ಮುಚ್ಚಿಡಾಕತ್ತಾರ. ದೊಡ್ಡವ್ರು ಹಂಗೇ.” ಕಂಡಕ್ಟರನೂ ಅದೇ ಪಕ್ಷ. ಸತ್ಯ ಹೇಳಿಯೂ ಪಾರಾಗಲಾಗದ ಮನುಷ್ಯನನ್ನು ನಾನು ಕಂಡದ್ದು ಇವರೊಬ್ಬರನ್ನೇ. ಗಡಬಡಿ ಸರ್ ಎಂಬ ಹೆಸರು ಮಾತ್ರ ಬರಲಿಲ್ಲ. ಹುಡುಗರು ಇಟ್ಟ ಹೆಸರು ‘ಆಯಿ ಸರ್’. ಕೋಟೆಯ ಹಿಂದಿನ ಗಲ್ಲಿಯ ಆಯಿಗೆ ಈ ಸುದ್ದಿ ಮುಟ್ಟಿದಾಗ ಅವಳು ಕೇಳಿದ್ದು ಒಂದೇ: “ಆ ಹೊಟ್ಟ್ಯಾಗಿನಾಕಿ ಯಾರ ಪೈಕಿ?”

ಮರುದಿನ ಸರ್ ಲ್ಯಾಬಿನಲ್ಲಿ ಒಬ್ಬರೇ ಸ್ಲೈಡು ಒರೆಸುತ್ತಿದ್ದರು. ನಾನು ಬಸ್ಸಿನ ಹೊತ್ತಾಯಿತೆಂದು ಕರೆಯಲು ಹೋಗಿದ್ದೆ. ಸುಜಾತಾ ಬಾಗಿಲಲ್ಲಿ ಬಂದು ನಿಂತಳು. ಕ್ಷಮೆ, ಕಣ್ಣೀರು, ಅಂಥದ್ದೇನೂ ಇರಲಿಲ್ಲ.

“ಸರ್, ಅಪ್ಪ ಪಾಠ ಹೇಳಿದ. ಅರ್ಧ ತಪ್ಪ ಹೇಳ್ಯಾನ ಕಾಣ್ತದ. ಒಂದ್ ಡೌಟ್ ಅದರಿ.”

“ಕೇಳವ್ವ.”

“ಆಯಿ ಕೆಲವು ದಿನ ಶಾಂತ ಇರ್ತಾಳ, ಕೆಲವು ದಿನ ಬಡಗಿ ಎತ್ತತಾಳ ಅಂದ್ರಿ. ಯಾವತ್ತ ಎತ್ತತಾಳ ಅಂತ ಮೊದ್ಲೇ ಗೊತ್ತ ಮಾಡ್ಕೋಳಾಕ ಬರ್ತದೇನ್ರಿ?”

ಸರ್ ಮುಖ ಕೆಂಪಾಯಿತು. ಉತ್ತರ ಗೊತ್ತಿಲ್ಲದಾಗ ಬರುವ ಆ ಹಳೆಯ ಸಿಟ್ಟು. “ಪೂರಾ ಯಾರಿಗೂ ಗೊತ್ತಿಲ್ಲ. ಗೊತ್ತಾಗಿದ್ರ ನಾ ನಿಮ್ಮ ಹೊಲಕ್ಕ ಆ ದಿನ ಬರ್ತಿದ್ದೆನೇನು? ಎಂ.ಎಸ್ಸಿ. ಮಾಡಿ ನೀನೇ ಹುಡುಕು!”

“ಹಂಗಾದ್ರ ಪುಸ್ತಕ ತಗೀರಿ” ಎಂದು ಅವಳು ಸ್ಟೂಲು ಎಳೆದು ಕೂತಳು. ನನ್ನ ಬಸ್ಸು ಹೋಯಿತು.

ಮುಂದಿನ ಎಳ್ಳಮಾಸಿಗೆ ತುಳಸಿರಾಮ ಮತ್ತೆ ಎಲ್ಲರನ್ನೂ ಕರೆದ. ಅದೇ ಬೇವಿನ ಮರ, ಅದೇ ಸಾಲು. ಪರೀಕ್ಷೆ ಪಾಸಾಗಿ ಕಲಬುರಗಿಯಲ್ಲಿ ಎಂ.ಎಸ್ಸಿ. ಸೇರಿದ್ದ ಸುಜಾತಾ ರಜೆಗೆ ಬಂದಿದ್ದಳು. ಎಲ್ಲರಿಗೂ ಭಜ್ಜಿ ಬಂತು. ಸರ್‌ಗೆ ಬೇರೆ ಚಿಕ್ಕ ಗಡಿಗೆ. ತೆಳ್ಳಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದ, ಖಾರವಿಲ್ಲದ ಅಂಬಲಿ.

“ಸೋಲಾಪುರದ ಡಾಕ್ಟರಿಗಿ ಫೋನ್ ಮಾಡಿ ಕೇಳೀನ್ರಿ ಸರ್. ನಡೀತದ ಅಂದಾರ” ಎಂದಳು.

“ನನ್ನ ಕೇಳಬೇಕಿಲ್ಲೋ?”

“ನಿಮ್ಮನ್ನ ಕೇಳಿದ್ರ ಉಪಾಸ ಅಂತೀರಿ.”

ಸಾಲಿಗೆ ಸಾಲೇ ನಕ್ಕಿತು. ತುಳಸಿರಾಮನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು. “ಕುಡೀರಿ ಸರ್. ಬುದ್ಧಗೂ ಉಪಾಸ ಬಿಡಿಸಿದಾಕಿ ಹೆಸರ ಸುಜಾತಾನೇ ಇತ್ತರಿ.” ಸರ್ ಬಲಗೈ ಎತ್ತಿದರು. ಹಳೆಯ ಚಟ. ನಡುವೆಯೇ ಅದನ್ನು ಇಳಿಸಿ ಬಟ್ಟಲು ಹಿಡಿದು, ಖಾಲಿ ಮಾಡಿ, ಮತ್ತೆ ಮುಂದೆ ಚಾಚಿದರು.

ಸಂಜೆ ಮುಡಬಿಯಿಂದ ಬಸ್ಸು ಹಿಡಿದೆವು. ಬಂಗ್ಲಾ ದಾಟಿ ಊರಿನ ರಸ್ತೆಗೆ ತಿರುಗಿದಾಗ ಹನುಮಂತನ ಗುಡಿ ಬಂತು. ಕಂಡಕ್ಟರ್ ತಾನಾಗಿಯೇ ಸೀಟಿ ಊದಿ ಬಸ್ಸು ನಿಲ್ಲಿಸಿದ. ಸರ್ ಇಳಿಯಲಿಲ್ಲ.